ಒಂದೇ ದಿನ ಹುಟ್ಟಿದ ಹನ್ನೊಂದು ಮಂದಿ

ಡಿಸೆಂಬರ್ ೨೮, ಗುರುವಾರ

ನಮ್ಮ ಸರ್ಕಾರಿ ಕಾಗದ ಕಾರ್ಖಾನೆಯ ಬಾಯ್ಲರ್ ವಿಭಾಗದ ಹನ್ನೊಂದೂ ಮಂದಿಗೆ ಒಂದೇ ದಿನ, ಈ ಭಾನುವಾರವೇ, ನಿವೃತ್ತಿ. ಸುದ್ದಿ ತಂದವನು ಹಾಜರಿ ಗುಮಾಸ್ತ. ಎಲ್ಲರ ಗುರುತಿನ ಚೀಟಿಯಲ್ಲೂ ಹುಟ್ಟಿದ್ದು ಜನವರಿ ಒಂದು, ಇಸವಿಯೂ ಒಂದೇ. ಪಾಳಿ ಮುಗಿಸಿ ಬಂದವರ ತಲೆಯ ಮೇಲಿನ ಬೂದಿಯನ್ನು ನರೆಯೆಂದುಕೊಂಡು ಯಾವನೋ ಪುಣ್ಯಾತ್ಮ ಚೀಟಿ ಬರೆಯುವಾಗ ಅಂದಾಜಿಗೆ ವಯಸ್ಸು ಗೀಚಿದ್ದ.

ಅವರಲ್ಲೊಬ್ಬರಾದ ನಮ್ಮ ಭಾವನಿಗೆ ಸರ್ವಿಸ್ ಪುಸ್ತಕದ ಪ್ರಕಾರ ಇನ್ನೂ ಎಂಟು ವರ್ಷ ಕೆಲಸವಿದೆ. ಇಬ್ಬರೂ ಮ್ಯಾನೇಜರ್ ಬಳಿಗೆ ಹೋದೆವು.

"ಚೀಟಿ ಮುಂದೆ ಸರ್ವಿಸ್ ಪುಸ್ತಕ ಲೆಕ್ಕಕ್ಕಿಲ್ಲ ಕಣ್ರೀ," ಎಂದರು.

"ಹಾಗಾದ್ರೆ ಹನ್ನೊಂದು ಜನಾನೂ ಒಂದೇ ತಾಯಿ ಮಕ್ಕಳು ಅಂತಾನೂ ಬರ್ಕೊಳ್ಳಿ ಸಾರ್," ಎಂದರು ಭಾವ.

ನನ್ನ ಮೈ ಇನ್ನೂ ಉರಿಯುತ್ತಿದೆ. ಅಕ್ಕನ ಮನೆ ನಡೆಯುವುದೇ ಆ ಸಂಬಳದಿಂದ. ಬಾಯ್ಲರ್ ನಡೆಸಲು ಬೇರೆ ಯಾರಿಗೂ ಬಾರದು. ಅದು ಆರಿದರೆ ಕೆಲಸಗಾರರೇ ಸರಿಯಿಲ್ಲವೆಂದು ಈ ಮೇಲಿನವರೇ ಕಾರ್ಖಾನೆ ಮುಚ್ಚುತ್ತಾರೆ. ದರಿದ್ರದವರು.

ಭಾನುವಾರ ಸಂಜೆ ಐದಕ್ಕೆ ಭಾವ ಬಾಯ್ಲರ್ ಮನೆಯ ಬೀಗದ ಕೈ ಒಪ್ಪಿಸಬೇಕು.