ನಿನ್ನ ಹೆಪ್ಪಿನ ಊರು

ಅಮ್ಮಾ,

ಇವತ್ತು ಜನಗಣತಿಯವನು ಬೆಟ್ಟ ಹತ್ತಿ ಬಂದಿದ್ದ. ಪಕ್ಕದ ಮನೆಯ ಪೆರಿಖಾನ್ ಅತ್ತೆ ಕೊಟ್ಟ ಮೊಸರು ತಿನ್ನುತ್ತ, "ಹದಿನಾರು ಮನೆಗೆ ಒಂದು ಊರಾ? ಕೆಳಗಿನ ಊರಿಗೆ ಸೇರಿಸಿಬಿಡ್ತೀವಿ" ಎಂದ.

ಅತ್ತೆ ಸೊಂಟಕ್ಕೆ ಕೈಯಿಟ್ಟಳು. "ನೀನು ತಿಂತಿರೋದು ನಮ್ಮ ಖೆಜಾಳಳ ಹೆಪ್ಪಿನ ಮೊಸರು ಕಣಪ್ಪಾ. ಊರಿಗೆ ಬೆಂಕಿ ಇಟ್ಟಾಗ ಅವಳು ಹೆಪ್ಪನ್ನ ಬಟ್ಟೆಗೆ ಸವರಿ, ಒಣಗಿಸಿ, ಎದೆಗೆ ಕಟ್ಕೊಂಡು ಓಡಿದ್ಳು. ಕೆಳಗಿನ ಊರಲ್ಲೂ ಮನೆಮನೆಗೂ ಅದೇ ಹೆಪ್ಪು. ಸೇರೋದಿದ್ರೆ ಅವರೇ ಬಂದು ನಮಗೆ ಸೇರ್ಲಿ!"

ಅವನು ನಕ್ಕು, ಬಟ್ಟಲು ಮತ್ತೆ ಚಾಚಿದ. ನಿನ್ನ ಮಗಳೆಂದು ನಾನು ಎದೆಯುಬ್ಬಿಸಿ ನಿಂತೆ.

ಅವನು ಹೋದ ಮೇಲೆ ಅತ್ತೆಯ ಮುಂದೆ ಖಾಲಿ ಲೋಟ ಹಿಡಿದೆ.

"ಅಯ್ಯೋ, ಖೆಜಾಳಳ ಮಗಳು ನನ್ನ ಹತ್ರ ಹೆಪ್ಪು ಕೇಳೋದಾ!" ಎಂದು ಬೈಯುತ್ತಲೇ ತುಂಬಿಸಿದಳು.

ಈಗ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಗೆ ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತಿದ್ದೇನೆ. ಈ ಸಲ ಅಲುಗಾಡಿಸಿ ಕೆಡಿಸುವುದಿಲ್ಲ, ಅಮ್ಮಾ.