ಒಂಟೆಗೆ ಲಾಳ

ದುಬೈ
೧೨-೩-೧೯೮೧

ಶೆಟ್ಟಿಹಳ್ಳಿಯ ಭಾವ ಅಂಜಿನಪ್ಪನವರಿಗೆ ಗಂಗಹನುಮಯ್ಯನ ನಮಸ್ಕಾರ. ಇದು ಅಕ್ಕನ ಮುಖ ನೋಡಿ ಬರೆದ ನಮಸ್ಕಾರ.

ನಿಮ್ಮ ಪತ್ರ ತಲುಪಿತು. "ಕುದುರೆ ಆದ್ರೇನು, ಒಂಟೆ ಆದ್ರೇನು, ನಾಕು ಕಾಲಿನ ಪ್ರಾಣಿ ತಾನೆ, ಹೊಂದ್ಕೊಂಡು ಇರು" ಎಂದು ಬರೆದಿದ್ದೀರಿ. ಭಾವ, ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಲಾಳ ಕಟ್ಟುತ್ತಿದ್ದವನು ನಾನು. ಇಲ್ಲಿನ ಶೇಖ್ ಒಬ್ಬನ ಲಾಯದಲ್ಲೂ ಅದೇ ಕೆಲಸ ಎಂದು ತುಮಕೂರಿನ ನಿಮ್ಮ ಏಜೆಂಟ್ ಹೇಳಿದ, ನೀವು ಹೂಂ ಅಂದಿರಿ, ನಾನು ನಂಬಿ ಬಂದೆ. ಇಲ್ಲಿ ಒಂದು ಕುದುರೆಯೂ ಇಲ್ಲ. ಒಂಟೆಯ ಪಾದ ಮೆತ್ತಗೆ, ಅದಕ್ಕೆ ಲಾಳವೇ ಬೇಡ. ಮೊದಲ ದಿನ ನಾನು ಸುತ್ತಿಗೆ, ಮೊಳೆ ಹೊರಗೆ ತೆಗೆದಾಗ ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಈಗ ಹಿಕ್ಕೆ ಗುಡಿಸುತ್ತೇನೆ. ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿದೆ, ಎರಡು ವರ್ಷ ಊರಿಗೆ ಬರುವಂತಿಲ್ಲ.

ಇದಕ್ಕೂ ಹೊಂದಿಕೊಂಡೇನು. ಆದರೆ ಲೇತ್ ಕೆಲಸ ಕಲಿತ ನನ್ನ ತಮ್ಮ ಜುಂಜಪ್ಪನನ್ನೂ ಅದೇ ಏಜೆಂಟನ ಹತ್ತಿರ ಕರೆದುಕೊಂಡು ಹೋಗಿದ್ದೀರಂತೆ! ನಾಳೆಯೇ ಹೋಗಿ ಅವನ ಪಾಸ್‌ಪೋರ್ಟ್ ಇಸಿದುಕೊಂಡು ಬನ್ನಿ. ಕೊಡದಿದ್ದರೆ ಆ ಆಫೀಸಿನಲ್ಲೇ ಕೂತುಕೊಂಡು, ಒಂಟೆಗೆ ಯಾವ ಊರಲ್ಲಿ ಲಾಳ ಕಟ್ಟುತ್ತಾರೆ ಎಂದು ಬಂದವರೆಲ್ಲರ ಮುಂದೆ ಕೇಳಿ. ಅವನೇನಾದರೂ ವಿಮಾನ ಹತ್ತಿದರೆ, ನಾನು ನಿಮ್ಮ ಹೊಸಿಲು ತುಳಿಯುವುದಿಲ್ಲ.

ಕೊತ್ತಗೆರೆಗೆ ಹೋದಾಗ ಅವ್ವ ನನ್ನ ವಿಚಾರ ಕೇಳುತ್ತಾಳೆ. ಅವಳ ಹತ್ತಿರ ಮಾತ್ರ ಕುದುರೆ ಎಂದೇ ಹೇಳಿ. ಆ ಸುಳ್ಳು ನಿಮಗೆ ಹೇಗಿದ್ದರೂ ಬಾಯಿಪಾಠವಾಗಿದೆ.

ಇಂತಿ,
ನಿಮ್ಮನ್ನು ನಂಬಿದ್ದ
ಗಂಗಹನುಮಯ್ಯ