ಕೋಟು ತೊಡಿಸದ ಚಿತ್ರ

ನವೆಂಬರ್ ೧೨, ಬುಧವಾರ

ಅಮ್ಮ ಸಂಜೆ ಅಂದದ್ದು ಇನ್ನೂ ಕಿವಿಯಲ್ಲೇ ಇದೆ.

ನಾಳೆ ಅಪ್ಪನ ತಿಥಿ. ಮನೆಯಲ್ಲಿ ಅವನದೊಂದು ಫೋಟೊ ಕೂಡ ಇಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಕೂತು, ಚಿನ್ನದ ಮೈನ್ಸಿನಲ್ಲಿ ದುಡಿದು ಸತ್ತವರಿಗೆಲ್ಲ ಒಂದೇ ಕರಿ ಕೋಟು ತೊಡಿಸಿ ಚಿತ್ರ ಬರೆದುಕೊಡುವವಳು ನಾನು.

"ನಿಮ್ಮಪ್ಪಂಗೂ ಕೋಟು ಆಕು. ಒಸಿ ನಗೋ ಅಂಗೆ ಬರಿ. ದೇವ್ರಂತಾ ಮನ್ಸ" ಎಂದು ಅಮ್ಮ ಬೆಳಿಗ್ಗೆ ಅಂದಿದ್ದಳು.

ದೇವರಂತೆ! ಅವಳ ಹುಬ್ಬಿನ ಮೇಲಿನ ಕಲೆ ಯಾರು ಕೊಟ್ಟ ಪ್ರಸಾದ?

ಎಲ್ಲ ಮರೆತಿದ್ದಾಳೆ. ನೆನಪಿಸಲೇಬೇಕೆಂದು ಕೋಟು ಬಿಟ್ಟು, ಹೊಡೆಯಲು ಬೆಲ್ಟು ಬಿಚ್ಚುವ ಹೊತ್ತಿನ ಅಪ್ಪನನ್ನು ಬರೆದೆ. ಕಣ್ಣು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿಕೊಂಡು ಬರೆದೆ.

ಚಿತ್ರ ತೋರಿಸಿ, ಅಳಲಿ ಎಂದು ಕಾಯುತ್ತಾ ನಿಂತೆ. ಅಮ್ಮ ಸೆರಗಿನಿಂದ ಹುಬ್ಬು ಮುಚ್ಚಿಕೊಂಡಳು.

"ಇದು ನಿಮ್ಮಪ್ಪ ಅಲ್ಲ ಕಣಮ್ಮಿ. ನನ್ ಮ್ಯಾಲೆ ರೇಗ್ವಾಗ ನಿನ್ ಮುಖ ಇಂಗೇ ಇರ್ತದೆ."

ಸುಟ್ಟುಹಾಕುತ್ತೇನೆ ಎಂದೆ. ಬೇರೆ ಬರೆಯಲು ಹೊತ್ತೆಲ್ಲಿದೆ ಎಂದು ಕಿತ್ತುಕೊಂಡಳು. ಈಗ ಅಡುಗೆಮನೆಯಲ್ಲಿ ಕೂತು ಅದಕ್ಕೇ ಹಾರ ಕಟ್ಟುತ್ತಿದ್ದಾಳೆ.